ಬೆಂಡೆಕಾಯಿ ಹೂವು, ಆಲೂಗಡ್ಡೆ ಸೆರಗು: ಪುಟ್ಟ ಮಕ್ಕಳಿಗೆ ತರಕಾರಿ ಅಚ್ಚು

ಬೆಂಡೆಕಾಯಿಯನ್ನು ಅಡ್ಡಕ್ಕೆ ಕತ್ತರಿಸಿ, ಬಣ್ಣ ತಾಗಿಸಿ, ಕಾಗದದ ಮೇಲೆ ಒತ್ತಿದರೆ ಐದು ಮೂಲೆಯ ಹೂವು ಮೂಡಬೇಕು. ಬಹಳ ಸಲ ಮೂಡುವುದು ಬಣ್ಣದ ಒಂದು ಮುದ್ದೆ. ಮಗುವಿಗೆ ಒತ್ತಲು ಬರುವುದಿಲ್ಲ ಅಂದುಕೊಳ್ಳುತ್ತೇವೆ. ನಿಜವಾದ ತಪ್ಪು ಇರುವುದು ತರಕಾರಿಯ ನೀರಿನಲ್ಲಿ, ತಟ್ಟೆಯ ಬಣ್ಣದಲ್ಲಿ, ಕಾಗದದ ಕೆಳಗಿನ ಗಟ್ಟಿ ಮೇಜಿನಲ್ಲಿ. ಈ ಮೂರನ್ನೂ ದೊಡ್ಡವರು ಮೊದಲೇ ಸರಿಮಾಡಿಟ್ಟರೆ ಒಂದನೇ ತರಗತಿಯ ಮಗುವೂ ಚೊಕ್ಕ ಅಚ್ಚು ಹಾಕುತ್ತದೆ.

ತರಕಾರಿ ಆರಿಸುವುದು, ಕತ್ತರಿಸುವುದು

ಸಾರಿಗೆ ಎಳೆ ಬೆಂಡೆ, ಅಚ್ಚಿಗೆ ಬಲಿತ ಬೆಂಡೆ. ಸಂತೆಯಲ್ಲಿ ಎಲ್ಲರೂ ತುದಿ ಮುರಿದು ನೋಡಿ ಬಿಟ್ಟುಹೋಗುತ್ತಾರಲ್ಲ, ಆ ನಾರು ಬೆಂಡೆಯೇ ನಮಗೆ ಬೇಕಾದದ್ದು. ಅದರ ಗೋಡೆ ಗಟ್ಟಿ, ಒತ್ತಿದಾಗ ಕುಸಿಯುವುದಿಲ್ಲ, ಲೋಳೆಯೂ ಕಡಿಮೆ. ಆಹಾರವನ್ನು ಆಟಕ್ಕೆ ಬಳಸುವುದು ಸರಿಯೇ ಎಂದು ಕೇಳುವ ಪೋಷಕರಿಗೂ ಇದೇ ಉತ್ತರ: ಅಡುಗೆಗೆ ಬಾರದ್ದನ್ನೇ ತನ್ನಿ. ತೊಟ್ಟಿನಿಂದ ನಾಲ್ಕು ಸೆಂಟಿಮೀಟರ್ ಬಿಟ್ಟು ಕತ್ತರಿಸಿದರೆ ತೊಟ್ಟೇ ಹಿಡಿಕೆಯಾಗುತ್ತದೆ, ಹೂವೂ ದೊಡ್ಡದು.

ಕತ್ತರಿಸುವಾಗ ಉದ್ದನೆಯ ಹರಿತವಾದ ಚಾಕುವಿನಿಂದ ಒಂದೇ ಏಟಿಗೆ ಕತ್ತರಿಸಿ. ಗರಗಸದಂತೆ ಹಿಂದೆ ಮುಂದೆ ಎಳೆದರೆ ಮುಖ ಉಬ್ಬುತಗ್ಗಾಗುತ್ತದೆ. ಅಚ್ಚಿನಲ್ಲಿ ಅರ್ಧ ಹೂವು ಮಾತ್ರ ಬಂದರೆ ಕಾರಣ ಹೆಚ್ಚಾಗಿ ಇದೇ. ಚಾಕು ದೊಡ್ಡವರ ಕೈಯಲ್ಲೇ ಇರಲಿ.

ಕತ್ತರಿಸಿದ ತುಂಡುಗಳನ್ನು ಮುಖ ಕೆಳಗೆ ಮಾಡಿ ಹಳೆಯ ಪತ್ರಿಕೆಯ ಮೇಲೆ ಅರ್ಧ ಗಂಟೆ ಇಡಿ. ಆಲೂಗಡ್ಡೆಯನ್ನು ಬಟ್ಟೆಯಿಂದ ಎರಡು ಮೂರು ಸಲ ಒತ್ತಿ ಒರೆಸಬೇಕು. ಒರೆಸದಿದ್ದರೆ ಒಳಗಿನ ನೀರೂ ಪಿಷ್ಟವೂ ಬಣ್ಣವನ್ನು ತೆಳುಮಾಡಿ ಅಂಚಿನಿಂದ ಹೊರಗೆ ಹರಿಸುತ್ತವೆ.

ಈರುಳ್ಳಿಯನ್ನು ಅಡ್ಡಕ್ಕೆ ಕತ್ತರಿಸಿದರೆ ಸುತ್ತುಸುತ್ತಿನ ಬಳೆಗಳು, ಬೇರಿನಿಂದ ಉದ್ದಕ್ಕೆ ಸೀಳಿದರೆ ದೀಪದ ಕುಡಿ. ಅಡ್ಡ ಕತ್ತರಿಸಿದ್ದರಲ್ಲಿ ಪದರಗಳು ಜಾರಿ ಕಳಚುತ್ತವೆ, ಪಕ್ಕದಿಂದ ಹಲ್ಲುಕಡ್ಡಿ ಚುಚ್ಚಿ ತುದಿ ಮುರಿದುಬಿಡಿ. ಹಾಗಲಕಾಯಿಯ ಬೀಜ ತೆಗೆದರೆ ಹಲ್ಲಿನ ಚಕ್ರ ಸಿಗುತ್ತದೆ. ಇವೆಲ್ಲಕ್ಕಿಂತ ಚೆಂದದ್ದು, ದುಡ್ಡೂ ಬೇಡದ್ದು, ಬಾಳೆಎಲೆಯ ದಂಟು. ಅಡ್ಡಕ್ಕೆ ಕತ್ತರಿಸಿದರೆ ಒಳಗೆ ಗೂಡುಗೂಡಾದ ಅರ್ಧಚಂದ್ರ. ಸಾಲಾಗಿ ಒತ್ತಿದರೆ ಮೀನಿನ ಹೊರಪೊರೆ, ಗುಂಡಗೆ ಒತ್ತಿದರೆ ನವಿಲಿನ ಗರಿ. ಅದರ ಕಂದುಕಲೆ ಬಟ್ಟೆಯಿಂದ ಹೋಗುವುದಿಲ್ಲ, ಹಾಗಾಗಿ ಹಿಂದಿನ ದಿನವೇ ಕತ್ತರಿಸಿ ರಸ ಆರಲು ಬಿಡಿ.

ಬಣ್ಣದ ತಟ್ಟೆ

ಬಟ್ಟಲಿನಲ್ಲಿ ಬಣ್ಣ ಸುರಿದು ತರಕಾರಿ ಅದ್ದಲು ಕೊಡಬೇಡಿ. ಬೆಂಡೆಯ ಐದೂ ಕೋಣೆಗಳಲ್ಲಿ ಬಣ್ಣ ತುಂಬಿಕೊಂಡು ಮುದ್ದೆ ಬೀಳುವುದು ಹೀಗೆಯೇ. ಪಾತ್ರೆ ಉಜ್ಜುವ ಸ್ಪಂಜಿನ ತುಂಡನ್ನು, ಇಲ್ಲವೇ ನಾಲ್ಕು ಮಡಿಕೆ ಹಾಕಿದ ಹಳೆಯ ಹತ್ತಿ ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಬಿಗಿಯಾಗಿ ಹಿಂಡಿ, ಸ್ಟೀಲ್ ಮುಚ್ಚಳದಲ್ಲಿ ಹರಡಿ. ಎರಡು ಟೀ ಚಮಚ ಪೋಸ್ಟರ್ ಬಣ್ಣಕ್ಕೆ ಅರ್ಧ ಚಮಚ ನೀರು ಸೇರಿಸಿ ಅದರ ಮೇಲೆ ಸವರಿ. ಬೆರಳಿಟ್ಟು ತೆಗೆದಾಗ ಬೆರಳಗೆರೆ ಕಾಣುವಷ್ಟು ತೆಳ್ಳಗೆ ಅಂಟಬೇಕು. ತೊಟ್ಟಿಕ್ಕಿದರೆ ನೀರು ಹೆಚ್ಚಾಯಿತು.

ಪೋಸ್ಟರ್ ಬಣ್ಣ ಇಲ್ಲದಿದ್ದರೆ ಕೆಮ್ಮಣ್ಣನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ಎರಡು ಚಮಚ ಮಣ್ಣಿಗೆ ಒಂದು ಚಮಚ ಬಿಳಿ ಅಂಟು, ಒಂದು ಚಮಚ ನೀರು ಕಲಸಿ. ಅಂಟು ಹಾಕದಿದ್ದರೆ ಒಣಗಿದ ಮೇಲೆ ಪುಡಿಯಾಗಿ ಉದುರುತ್ತದೆ. ಅರಿಸಿನವೂ ನಡೆಯುತ್ತದೆ, ಆದರೆ ಬಿಸಿಲು ಬೀಳುವ ಗೋಡೆಗೆ ಹಚ್ಚಿದರೆ ಬೇಗನೆ ಮಾಸುತ್ತದೆ.

ಒಂದು ತಟ್ಟೆಗೆ ಒಂದೇ ಬಣ್ಣ, ಆ ತಟ್ಟೆಗೆ ಅದರದೇ ತರಕಾರಿ. ಈ ಒಂದು ನಿಯಮ ತಪ್ಪಿದರೆ ಹತ್ತು ನಿಮಿಷದಲ್ಲಿ ಎಲ್ಲ ತಟ್ಟೆಗಳೂ ಕೆಸರು. ಮೂವತ್ತು ಮಕ್ಕಳಿಗೆ ಎಂಟು ತಟ್ಟೆ, ಹದಿನೈದು ಬೆಂಡೆ, ಎಂಟು ಆಲೂಗಡ್ಡೆ, ನಾಲ್ಕು ಈರುಳ್ಳಿ, ಎರಡು ಹಾಗಲಕಾಯಿ ಸಾಕು. ನಾಲ್ಕು ನಾಲ್ಕು ಮಕ್ಕಳು ಒಂದು ತಟ್ಟೆಯ ಸುತ್ತ.

ಒತ್ತುವುದು

ಕಾಗದದ ಕೆಳಗೆ ಆರೇಳು ಪದರ ಪತ್ರಿಕೆ ಹಾಸಿ. ತರಕಾರಿಯ ಮುಖ ಎಷ್ಟೇ ಸಪಾಟಾಗಿದ್ದರೂ ಕೂದಲೆಳೆಯಷ್ಟು ಏರುಪೇರು ಇದ್ದೇ ಇರುತ್ತದೆ, ಮೆತ್ತನೆಯ ಹಾಸು ಅದನ್ನು ಸರಿದೂಗಿಸುತ್ತದೆ. ಮಗುವಿಗೆ ಹೇಳಬೇಕಾದದ್ದು ಮೂರೇ ಮಾತು: ಇಡು, ಒತ್ತು, ನೇರ ಎತ್ತು. ಮಕ್ಕಳು ಒತ್ತಿದ ಮೇಲೆ ತಿರುಚುತ್ತಾರೆ, ಅಂಚು ಕಲಸುವುದು ಅಲ್ಲೇ. ಮೊದಲ ಅಚ್ಚನ್ನು ಚಿಂದಿ ಕಾಗದದ ಮೇಲೆ ಹಾಕಿಸಿ. ಎರಡನೆಯದೇ ಹೆಚ್ಚು ಸ್ಪಷ್ಟ.

ಆಲೂಗಡ್ಡೆಯಲ್ಲಿ ಸೆರಗು

ಇಳಕಲ್ ಸೀರೆಯ ಸೆರಗಿನಲ್ಲಿ ಕೆಂಪಿನ ಜೊತೆ ಬಿಳಿಯಲ್ಲಿ ಹಣಿಗೆ ಹಲ್ಲಿನಂಥ ವಿನ್ಯಾಸ ಇರುತ್ತದೆ. ಅಷ್ಟು ಸೂಕ್ಷ್ಮ ನೇಯ್ಗೆ ಆಲೂಗಡ್ಡೆಯಲ್ಲಿ ಬಾರದು, ಅದರ ಲಯ ಬರುತ್ತದೆ. ಎರಡು ಮೂರನೇ ತರಗತಿಗೆ ಇದು ಗಣಿತದ ಪಾಠವೂ ಹೌದು.

30 ಸೆಂಟಿಮೀಟರ್ ಉದ್ದ, 12 ಸೆಂಟಿಮೀಟರ್ ಅಗಲದ ಕೆಂಪು ಕಾಗದ ತೆಗೆದುಕೊಂಡು ಉದ್ದಕ್ಕೆ ಮೂರು ಸಮ ಭಾಗವಾಗಿ ಮಡಚಿ ಬಿಚ್ಚಿ. ಮಡಿಕೆಗಳೇ ಗೆರೆಗಳು. ಅರ್ಧ ಆಲೂಗಡ್ಡೆಯ ಮುಖದಲ್ಲಿ ತಳ ಮೂರು ಸೆಂಟಿಮೀಟರ್ ಇರುವ ತ್ರಿಕೋನ ಬರೆದು, ಸುತ್ತಲಿನದನ್ನು ಅರ್ಧ ಸೆಂಟಿಮೀಟರ್ ಆಳಕ್ಕೆ ಕೆತ್ತಿ ತೆಗೆಯಿರಿ. ಅದಕ್ಕಿಂತ ತೆಳ್ಳಗೆ ಕೆತ್ತಿದರೆ ಹಿನ್ನೆಲೆಯೂ ಬಣ್ಣ ಹತ್ತಿಸಿಕೊಳ್ಳುತ್ತದೆ. ಹಿಂಬದಿಗೆ ಫೋರ್ಕ್ ಚುಚ್ಚಿದರೆ ಹಿಡಿಕೆ ಸಿದ್ಧ. ಒದ್ದೆ ಆಲೂಗಡ್ಡೆ ಪುಟ್ಟ ಕೈಯಿಂದ ಜಾರುತ್ತದೆ.

ಕೆಳಗಿನ ಮಡಿಕೆಯ ಮೇಲೆ ಮೂರು ಸೆಂಟಿಮೀಟರಿಗೊಂದು ಪೆನ್ಸಿಲ್ ಚುಕ್ಕೆ ಮಗುವೇ ಇಡಲಿ. ಎಷ್ಟು ತ್ರಿಕೋನ ಹಿಡಿಯಬಹುದು ಎಂದು ಮೊದಲು ಊಹಿಸಲು ಬಿಡಿ, ಹತ್ತು ಎಂದು ಒತ್ತಿಯೇ ತಿಳಿಯಲಿ. ಬಲಗೈ ಮಕ್ಕಳು ಎಡದಿಂದ, ಎಡಗೈ ಮಕ್ಕಳು ಬಲದಿಂದ ಶುರುಮಾಡಿದರೆ ಹಸಿ ಅಚ್ಚಿನ ಮೇಲೆ ಮಣಿಕಟ್ಟು ಉಜ್ಜುವುದಿಲ್ಲ. ಆಮೇಲೆ ಕಾಗದವನ್ನು ತಿರುಗಿಸಿ, ಇನ್ನೊಂದು ಮಡಿಕೆಯ ಮೇಲೆ ಅದೇ ಸಾಲು. ಹಲ್ಲಿಗೆ ಹಲ್ಲು ಎದುರಾಗುತ್ತದೆ. ಬಿಳಿ ಬಣ್ಣಕ್ಕೆ ನೀರು ಬೆರೆಸಲೇಬೇಡಿ, ಕೆಂಪಿನ ಮೇಲೆ ಅದು ಗುಲಾಬಿಯಾಗಿಬಿಡುತ್ತದೆ.

ಹೆಸರಿನ ಮೊದಲಕ್ಷರ ಕೆತ್ತಿಕೊಡಿ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿರಬೇಕು. ತೆಳು ಕಾಗದದಲ್ಲಿ ದಪ್ಪ ಸ್ಕೆಚ್ ಪೆನ್ನಿನಿಂದ ಬರೆದು, ಹಾಳೆ ಮಗುಚಿ, ಹಿಂದೆ ಕಾಣುವುದನ್ನು ನೋಡಿಕೊಂಡು ಕೆತ್ತಿ. ಒಳಸುಳಿ ಇರುವ ಅಕ್ಷರಗಳಿಗಿಂತ ‘ರ’, ‘ಗ’ ಸುಲಭ.

ಮುಗಿದ ಮೇಲೆ

ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಕೊನೆಯ ಹನ್ನೆರಡು ನಿಮಿಷ ಕೈ ತೊಳೆಯುವುದಕ್ಕೆ, ಒರೆಸುವುದಕ್ಕೆ ಬೇಕೇ ಬೇಕು. ಚಿತ್ರಗಳನ್ನು ಒಂದರ ಮೇಲೊಂದು ಪೇರಿಸದೆ ದಾರಕ್ಕೆ ಕ್ಲಿಪ್ ಹಾಕಿ ಒಣಗಿಸಿ. ಆಲೂಗಡ್ಡೆ ಅಚ್ಚನ್ನು ನಾಳೆಗೆ ಎತ್ತಿಡುವುದು ವ್ಯರ್ಥ, ಮುಖ ಒಣಗಿ ಗುಳಿಬೀಳುತ್ತದೆ. ಅದೇ ದಿನ ಮತ್ತೊಂದು ತರಗತಿ ಇದ್ದರೆ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ, ಬಳಸುವ ಮುನ್ನ ಮತ್ತೆ ಒರೆಸಿ. ಬಣ್ಣ ಹತ್ತಿದ ತುಂಡುಗಳನ್ನು ಹಸುವಿಗೆ ಹಾಕಬೇಡಿ. ಬಣ್ಣದ ಮುಖವನ್ನು ದಪ್ಪಗೆ ಹೆರೆದು ಕಸಕ್ಕೆ ಹಾಕಿ, ಉಳಿದದ್ದು ಗೊಬ್ಬರದ ಗುಂಡಿಗೆ.