ಚೆಂಡು ಬಿಟ್ಟು 99ನೇ ನಂಬರ್ ನೋಡಿದೆ

ಕಬಡ್ಡಿಯಲ್ಲಿ ನಾನು ಎಡ ಕಾರ್ನರ್. ಮಂಡ್ಯ ಜಿಲ್ಲೆಯ ನಮ್ಮೂರ ಟೀಮಿಗೆ ಎಂಟು ವರ್ಷ ಆಡಿದ್ದೇನೆ. ರೈಡರ್‌ನ ಮುಖ ನೋಡಬೇಡ, ಕೈ ನೋಡಬೇಡ, ಸೊಂಟ ನೋಡು ಅಂತ ಮೇಷ್ಟ್ರು ಹೇಳಿಕೊಟ್ಟಿದ್ದರು. ಮುಖ ಸುಳ್ಳು ಹೇಳುತ್ತೆ, ಕೈಯೂ ಸುಳ್ಳು ಹೇಳುತ್ತೆ. ಸೊಂಟ ಹೋದ ಕಡೆಗೇ ಆಳು ಹೋಗಬೇಕು. 2011ರಲ್ಲಿ ಕೆಲಸದ ಮೇಲೆ ಹ್ಯೂಸ್ಟನ್‌ಗೆ ಬಂದಾಗ ಈ ಪಾಠ ಅಮೆರಿಕನ್ ಫುಟ್‌ಬಾಲ್ ನೋಡೋಕೂ ಉಪಯೋಗಕ್ಕೆ ಬರುತ್ತೆ ಅಂತ ನನಗೆ ಗೊತ್ತಿರಲಿಲ್ಲ.

ಮೊದಲ ಎರಡು ಮೂರು ತಿಂಗಳು ಆಟ ತಲೆಗೇ ಹೋಗಲಿಲ್ಲ. ಐದಾರು ಸೆಕೆಂಡ್ ಆಡ್ತಾರೆ, ಮತ್ತೆ ಅರ್ಧ ನಿಮಿಷ ನಿಲ್ತಾರೆ. ಚೆಂಡು ಯಾರ ಕೈಲಿದೆ ಅಂತ ಹುಡುಕೋದರಲ್ಲೇ ಆಟ ಮುಗಿದಿರುತ್ತಿತ್ತು. ಆಫೀಸಿನಲ್ಲಿ ಹಿರಿಯರೊಬ್ಬರ ಹತ್ತಿರ ಇದನ್ನು ಹೇಳಿಕೊಂಡೆ. ಅವರು ಹೇಳಿದ್ದು ಇಷ್ಟೇ: ಚೆಂಡು ಬಿಟ್ಟುಬಿಡಿ, ಒಂದು ಮ್ಯಾಚ್ ಪೂರ್ತಿ 99ನೇ ನಂಬರಿನವನನ್ನು ಮಾತ್ರ ನೋಡಿ.

99 ಅಂದರೆ ಜೆ. ಜೆ. ವಾಟ್. ನಾನು ಹ್ಯೂಸ್ಟನ್‌ಗೆ ಬಂದ ವರ್ಷವೇ ಅವನೂ ಬಂದಿದ್ದ. ವಿಸ್ಕಾನ್ಸಿನ್‌ನ ಹುಡುಗ. ಮೊದಲು ಸೆಂಟ್ರಲ್ ಮಿಷಿಗನ್ ಯೂನಿವರ್ಸಿಟಿಯಲ್ಲಿ ಚೆಂಡು ಹಿಡಿಯುವ ಟೈಟ್ ಎಂಡ್ ಆಗಿದ್ದ. ಅಲ್ಲಿನ ಸ್ಕಾಲರ್‌ಶಿಪ್ ಬಿಟ್ಟು, ಯಾರೂ ಕರೆಯದಿದ್ದರೂ ವಿಸ್ಕಾನ್ಸಿನ್ ಯೂನಿವರ್ಸಿಟಿಗೆ ಹೋಗಿ ಡಿಫೆನ್ಸ್‌ಗೆ ತಿರುಗಿದ. ನಡುವೆ ಕೆಲವು ಕಾಲ ಮನೆಮನೆಗೆ ಪಿಜ್ಜಾ ಕೊಟ್ಟು ಬರುವ ಕೆಲಸವನ್ನೂ ಮಾಡಿದ್ದ. 2011ರ ಡ್ರಾಫ್ಟ್‌ನಲ್ಲಿ, ಅಂದರೆ ಟೀಮುಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, 11ನೆಯವನಾಗಿ ಹ್ಯೂಸ್ಟನ್‌ನ ಟೀಮು ಟೆಕ್ಸನ್ಸ್ ಅವನನ್ನು ತೆಗೆದುಕೊಂಡಾಗ ಹ್ಯೂಸ್ಟನ್ ಅಭಿಮಾನಿಗಳೇ "ಬೂ" ಅಂತ ಕೂಗಿದ್ದರು.

2012ರ ಜನವರಿ 7. ಟೆಕ್ಸನ್ಸ್‌ಗೆ ಅದು ಮೊಟ್ಟಮೊದಲ ಪ್ಲೇಆಫ್ (ಸೋತರೆ ಮನೆಗೆ ಹೋಗುವ ಕೊನೆಯ ಹಂತದ) ಮ್ಯಾಚ್, ಎದುರಿಗೆ ಸಿನ್ಸಿನಾಟಿ ಬೆಂಗಾಲ್ಸ್. ಆ ಹಿರಿಯರು ಹೇಳಿದಂತೆ ನಾನು 99 ಬಿಟ್ಟು ಬೇರೇನೂ ನೋಡುತ್ತಿರಲಿಲ್ಲ. ಹಾಫ್‌ಟೈಮ್‌ಗೆ ಸ್ವಲ್ಪ ಮುಂಚೆ ಸ್ಕೋರ್ 10-10. ಬೆಂಗಾಲ್ಸ್‌ನ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು, ಆ್ಯಂಡಿ ಡಾಲ್ಟನ್ ಎಸೆಯೋಕೆ ಕೈ ಎತ್ತಿದ. ವಾಟ್ ಮುಂದಕ್ಕೆ ನುಗ್ಗಲಿಲ್ಲ. ನಿಂತ ಜಾಗದಲ್ಲೇ ನೆಗೆದ, ಎರಡು ಕೈ ಮೇಲಕ್ಕೆ ಹೋದವು, ಚೆಂಡು ಬೆರಳಿಗೆ ಅಂಟಿಕೊಂಡ ಹಾಗೆ ನಿಂತಿತು. ಹಿಡಿದವನೇ 29 ಗಜ ಓಡಿ, ಎದುರಾಳಿಯ ಕೊನೆಯ ಗೆರೆ ದಾಟಿ ಟಚ್‌ಡೌನ್ ಮಾಡಿದ. ಚೆಂಡನ್ನೇ ನೋಡುತ್ತಿದ್ದಿದ್ದರೆ ನನಗೆ ಕಾಣುತ್ತಿದ್ದದ್ದು ಆ ಓಟ ಮಾತ್ರ. ಅವನನ್ನು ನೋಡುತ್ತಿದ್ದರಿಂದ, ನೆಗೆಯುವ ಮುಂಚಿನ ಆ ಅರ್ಧ ಕ್ಷಣ ಕಂಡಿತು. ಅವನ ಕಣ್ಣು ಡಾಲ್ಟನ್‌ನ ತೋಳಿನ ಮೇಲಿತ್ತು. ಕಾಲು ನಿಂತಿತ್ತು. ಆವತ್ತಿನಿಂದ ಈ ಆಟ ನನ್ನದಾಯಿತು.

ಮಾರನೇ ಸೀಸನ್‌ಗೆ ಒಂದು ನೋಟ್‌ಬುಕ್ ತಂದೆ. ಅದೇ 2012ರಲ್ಲಿ ಈ ಟೀಮುಗಳ ಲೀಗ್ ಎನ್‌ಎಫ್‌ಎಲ್‌ನವರು ಕೋಚ್‌ಗಳು ನೋಡುವ ವಿಡಿಯೊವನ್ನು ಹಣ ಕಟ್ಟಿದ ಎಲ್ಲರಿಗೂ ಕೊಡತೊಡಗಿದರು. ಟಿವಿಯವರು ಚೆಂಡಿನ ಹಿಂದೆ ಹೋಗುತ್ತಾರೆ. ಈ ವಿಡಿಯೊದಲ್ಲಿ 22 ಜನರೂ ಒಟ್ಟಿಗೆ ಕಾಣುತ್ತಾರೆ. ಭಾನುವಾರ ಮ್ಯಾಚ್ ನೋಡಿ, ವಾರದ ನಡುವೆ ಮಗ ಮಲಗಿದ ಮೇಲೆ ಅದನ್ನೇ ನಿಲ್ಲಿಸಿ ನಿಲ್ಲಿಸಿ ಮತ್ತೆ ನೋಡುತ್ತಿದ್ದೆ. ಪ್ರತಿ ಆಟಕ್ಕೂ ನಾಲ್ಕು ಕಾಲಮ್: ಎಲ್ಲಿ ನಿಂತಿದ್ದ, ಮೊದಲು ಯಾವ ಕಾಲಿಟ್ಟ, ಕೈ ಎಲ್ಲಿ ಬಿತ್ತು, ಎಷ್ಟು ಜನ ಅವನನ್ನು ತಡೆದರು. ಅವನು ಯಾರನ್ನು ಬೀಳಿಸಿದ ಅನ್ನೋದಕ್ಕೆ ಕಾಲಮ್ಮೇ ಇರಲಿಲ್ಲ. ಅದನ್ನು ಬೇಕಂತಲೇ ಬಿಟ್ಟಿದ್ದೆ.

ಮೊದಲು ಹಿಡಿತಕ್ಕೆ ಸಿಕ್ಕಿದ್ದು ಕಿವಿಯ ವಿಷಯ. ಕಬಡ್ಡಿಯಲ್ಲಿ ರೈಡರ್‌ನ ಉಸಿರು ಎಲ್ಲಿ ಸೋಲುತ್ತೆ ಅಂತ ಕಿವಿ ಕೊಟ್ಟು ಕೇಳಬೇಕು. ಇಲ್ಲಿ ಕಿವಿ ಮುಚ್ಚಬೇಕು. ಕ್ವಾರ್ಟರ್‌ಬ್ಯಾಕ್ ಬೇಕಂತಲೇ ಜೋರಾಗಿ ಕೂಗಿ ಡಿಫೆಂಡರ್ ಮುಂಚೆಯೇ ಗೆರೆ ದಾಟುವ ಹಾಗೆ ಮಾಡುತ್ತಾನೆ. ದಾಟಿದರೆ 5 ಗಜ ದಂಡ. ಅದಕ್ಕೆ ಡಿಫೆನ್ಸಿವ್ ಎಂಡ್ (ಡಿಫೆನ್ಸ್‌ನ ಮುಂದಿನ ಸಾಲಿನ ತುದಿಯವನು, ವಾಟ್‌ನ ಜಾಗ ಅದೇ) ಧ್ವನಿಗೆ ಹೊರಡೋದಿಲ್ಲ, ಚೆಂಡು ಅಲುಗಿದ್ದಕ್ಕೆ ಹೊರಡುತ್ತಾನೆ. ಓರೆಗಣ್ಣಲ್ಲಿ ಚೆಂಡು, ನೇರಗಣ್ಣಲ್ಲಿ ಎದುರಿನ ಆಳು. ಎಷ್ಟೋ ಆಟಗಳಲ್ಲಿ ವಾಟ್ ಎರಡನೇ ಹೆಜ್ಜೆ ಇಡುವಾಗ ಎದುರಿನವನು ಇನ್ನೂ ಬಗ್ಗಿದ ಸೊಂಟ ಎತ್ತುತ್ತಿರುತ್ತಿದ್ದ.

ಆಮೇಲೆ ಅವನ ಜಾಗ. ಟೆಕ್ಸನ್ಸ್ ಆಗ ಆಡುತ್ತಿದ್ದದ್ದು 3-4, ಅಂದರೆ ಮುಂದಿನ ಸಾಲಿನಲ್ಲಿ ಮೂವರು, ಅವರ ಹಿಂದಿನ ಸಾಲಿನಲ್ಲಿ ಲೈನ್‌ಬ್ಯಾಕರ್ ಅನ್ನುವ ನಾಲ್ವರು. ಇದರಲ್ಲಿ ಎಂಡ್‌ಗೆ ಹೆಸರು ಬರೋದು ಕಮ್ಮಿ. ಇಬ್ಬರು ತಡೆಗಾರರನ್ನು ತನ್ನ ಮೈಮೇಲೆ ಎಳೆದುಕೊಂಡು ನಿಲ್ಲೋದು ಅವನ ಕೆಲಸ, ಕ್ವಾರ್ಟರ್‌ಬ್ಯಾಕನ್ನು ಬೀಳಿಸೋದು ಹೆಚ್ಚಾಗಿ ಹೊರಗಿನ ಲೈನ್‌ಬ್ಯಾಕರ್. ಆ ಜಾಗದಲ್ಲಿ ನಿಂತು ವಾಟ್ 2012ರಲ್ಲಿ 20.5 ಸ್ಯಾಕ್ ಮಾಡಿದ. ಚೆಂಡು ಎಸೆಯುವ ಮುಂಚೆಯೇ ಕ್ವಾರ್ಟರ್‌ಬ್ಯಾಕನ್ನು ಕೆಡವೋದು ಸ್ಯಾಕ್; ಇಬ್ಬರು ಸೇರಿ ಕೆಡವಿದರೆ ತಲಾ ಅರ್ಧ. ಅದರ ಜೊತೆ 16 ಪಾಸ್‌ಗಳನ್ನು ತಡೆದ. ಕ್ವಾರ್ಟರ್‌ಬ್ಯಾಕ್ ತನಕ ಮುಟ್ಟೋಕೆ ಆಗಲ್ಲ ಅಂತ ಗೊತ್ತಾದ ತಕ್ಷಣ ನಿಂತು ಕೈ ಎತ್ತುವ ಅಭ್ಯಾಸ ಅದು. ಜನ ಸ್ಯಾಕ್ ಎಣಿಸುತ್ತಾರೆ. ನನಗೆ ಈ 16 ಜಾಸ್ತಿ ದೊಡ್ಡದು. ತನ್ನ ಕೆಲಸ ಕೆಟ್ಟ ಮೇಲೂ ಟೀಮಿಗೆ ಏನಾದರೂ ಉಳಿಸಿಕೊಡೋದು ಅಂದರೆ ಅದು.

2012, 2014, 2015, ಮೂರು ಸಲ ವರ್ಷದ ಡಿಫೆನ್ಸ್ ಆಟಗಾರ ಆದ. 2014ರಲ್ಲಿ ಮತ್ತೆ 20.5 ಸ್ಯಾಕ್, ಜೊತೆಗೆ 5 ಟಚ್‌ಡೌನ್. ಆದರೆ ನಾನು ಜಾಸ್ತಿ ಕಲಿತದ್ದು 2013ರಲ್ಲಿ. ಮೊದಲ ಎರಡು ಮ್ಯಾಚ್ ಗೆದ್ದ ಟೀಮು ಆಮೇಲೆ ಸಾಲಾಗಿ 14 ಸೋತಿತು. ಡಿಸೆಂಬರ್‌ನಲ್ಲಿ ಆಸೆಯೇ ಇಲ್ಲದ ಮ್ಯಾಚ್‌ಗಳಲ್ಲೂ ಅವನ ಮೊದಲ ಹೆಜ್ಜೆ ಸೆಪ್ಟೆಂಬರ್‌ನಷ್ಟೇ ಚುರುಕಾಗಿತ್ತು. ನನ್ನ ನೋಟ್‌ಬುಕ್‌ಗಳಲ್ಲಿ ಆ ವರ್ಷದ್ದೇ ದಪ್ಪ.

2016ರಲ್ಲಿ ಬೆನ್ನು ಕೈಕೊಟ್ಟಿತು, ಮೂರೇ ಮ್ಯಾಚ್. 2017ರ ಆಗಸ್ಟ್‌ನಲ್ಲಿ ಹಾರ್ವಿ ಚಂಡಮಾರುತ ಬಂತು. ನಮ್ಮ ಬೀದಿಯಲ್ಲಿ ಮೊಣಕಾಲುದ್ದ ನೀರು. ನಮ್ಮ ಮನೆ ಸ್ವಲ್ಪ ಎತ್ತರದಲ್ಲಿದ್ದರಿಂದ ಉಳಿಯಿತು, ಪಕ್ಕದ ಮನೆಯವರು ಹತ್ತು ದಿನ ನಮ್ಮ ಹಾಲ್‌ನಲ್ಲೇ ಮಲಗಿದರು. ಫೋನಿನಲ್ಲಿ ನೋಡಿದ ಒಂದು ವಿಡಿಯೊದಲ್ಲಿ ವಾಟ್ ಬಂದು, ನೆರೆಗೆ ಸಿಕ್ಕವರಿಗೆ 2 ಲಕ್ಷ ಡಾಲರ್ ಸೇರಿಸೋಣ ಅಂದ. ಕೊನೆಗೆ ಸೇರಿದ್ದು 4 ಕೋಟಿ ಡಾಲರ್‌ಗೂ ಮೇಲೆ. ಕನ್ನಡದ ಕುಟುಂಬಗಳವರು ನಾವೂ ಕೈಲಾದಷ್ಟು ಹಾಕಿದೆವು. ಅಕ್ಟೋಬರ್ 8ರಂದು ಕಾನ್ಸಸ್ ಸಿಟಿ ಎದುರು ಅವನ ಎಡ ಮೊಣಕಾಲಿನ ಹತ್ತಿರ ಮೂಳೆ ಮುರಿಯಿತು. ನನ್ನ ಕಬಡ್ಡಿ ಮುಗಿದದ್ದೂ ಮೊಣಕಾಲಿನಿಂದಲೇ. ಆ ರಾತ್ರಿ ವಿಡಿಯೊ ತೆರೆಯೋಕೆ ಮನಸ್ಸು ಬರಲಿಲ್ಲ.

ವಾಪಸ್ ಬಂದ. 2018ರಲ್ಲಿ 16 ಸ್ಯಾಕ್. ಮುಂದಿನ ವರ್ಷ ಎದೆಯ ಸ್ನಾಯು ಹರಿಯಿತು. ಹತ್ತೇ ವಾರಕ್ಕೆ, 2020ರ ಜನವರಿ 4ರಂದು, ಬಫಲೋ ಬಿಲ್ಸ್ ಎದುರು ಪ್ಲೇಆಫ್‌ಗೆ ಇಳಿದ. ಅವತ್ತು ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದೆ. ನಾವು 13-0 ಹಿಂದೆ, ಬಿಲ್ಸ್ ಇನ್ನೇನು ಟಚ್‌ಡೌನ್ ಮಾಡುವ ಹಾಗಿದ್ದರು. ಥರ್ಡ್ ಡೌನ್‌ನಲ್ಲಿ, ಅಂದರೆ ಅವರ ಮೂರನೇ ಯತ್ನದಲ್ಲಿ, ವಾಟ್ ನುಗ್ಗಿ ಅವರ ಕ್ವಾರ್ಟರ್‌ಬ್ಯಾಕ್ ಜಾಶ್ ಆ್ಯಲನ್‌ನನ್ನು ಕೆಡವಿದ. ಬಿಲ್ಸ್‌ಗೆ ಆ ಸಲ ಸಿಕ್ಕಿದ್ದು ಬರೀ 3 ಪಾಯಿಂಟ್. ಅಲ್ಲಿಂದ ಮೈದಾನದ ಗಾಳಿಯೇ ಬದಲಾಯಿತು. ಓವರ್‌ಟೈಮ್‌ನಲ್ಲಿ ಟೆಕ್ಸನ್ಸ್ 22-19ರಿಂದ ಗೆದ್ದಿತು.

ಮಾರನೇ ದಿನ ಮಗ "ಅಪ್ಪ, ನನಗೂ ಹೇಳಿಕೊಡು" ಅಂದ. ಹಿತ್ತಿಲಿನ ಮರಕ್ಕೆ ಹಳೇ ಹಾಸಿಗೆ ಕಟ್ಟಿ, ಬಲಭುಜದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುಂಡಗೆ ಗೆರೆ ಎಳೆದೆ. ವಾಟ್‌ಗೆ ಹೆಸರು ತಂದ ಸ್ವಿಮ್ ಮೂವ್ ಹೀಗೆ: ಎಡಗೈಯಿಂದ ಎದುರಾಳಿಯ ಬಲಭುಜಕ್ಕೆ ಬಡಿದು ಪಕ್ಕಕ್ಕೆ ಎಳಿ. ಅದೇ ಏಟಿಗೆ ಬಲಗೈಯನ್ನು ಆ ಭುಜದ ಮೇಲಿಂದ ಈಜುವವನ ಹಾಗೆ ಆಚೆಗೆ ಹಾಕು. ಸೊಂಟ ಕೈಯ ಜೊತೆಗೇ ಹೋಗಬೇಕು. ಕೈ ಎತ್ತಿದಾಗ ಪಕ್ಕೆಲುಬು ಬಯಲಾಗುತ್ತೆ. ತಡವಾದರೆ ಎದುರಿನವನು ಅಲ್ಲೇ ತಳ್ಳುತ್ತಾನೆ. ಮಗ ಮೊದಮೊದಲು ಕೈ ಹಾಕಿ, ಸೊಂಟ ಹಿಂದೆ ಬಿಟ್ಟು, ಹಾಸಿಗೆಗೇ ಒರಗಿಕೊಳ್ಳುತ್ತಿದ್ದ. ಕೊನೆಗೆ ನಾನೇ ಹಾಸಿಗೆ ಮುಂದೆ ನಿಂತು ಕಬಡ್ಡಿ ಕಾರ್ನರ್ ಹಾಗೆ ಅವನ ಸೊಂಟ ನೋಡುತ್ತಾ, "ಈಗ ಸಿಕ್ಕಿದೆ, ಈಗ ಸಿಕ್ಕಿದೆ" ಅನ್ನುತ್ತಿದ್ದೆ. ಮೂರು ವಾರ ಆದ ಮೇಲೆ ಒಂದು ಸಂಜೆ ಅವನು ನನ್ನ ಕೈಗೆ ಸಿಗಲಿಲ್ಲ.

2021ರಲ್ಲಿ ವಾಟ್ ಅರಿಜೋನಾಗೆ ಹೋದ. 2022ರಲ್ಲಿ ಹೃದಯದ ಬಡಿತ ತಪ್ಪಿ, ಅದನ್ನು ಸರಿಮಾಡಿಸಿಕೊಂಡು ಅದೇ ವಾರ ಆಡಿದ. ಆ ಸೀಸನ್‌ನ 12.5 ಸ್ಯಾಕ್ ಸೇರಿ ಒಟ್ಟು 114.5ಕ್ಕೆ ಆಟ ನಿಲ್ಲಿಸಿದ. ಇನ್ನೂ ಚೆನ್ನಾಗಿ ಆಡುತ್ತಿದ್ದಾಗಲೇ ನಿಲ್ಲಿಸಿದ್ದು ನನಗೆ ಸಮಾಧಾನ ತಂದಿತು.

2023ರ ಅಕ್ಟೋಬರ್ 1ರಂದು ಹ್ಯೂಸ್ಟನ್ ಸ್ಟೇಡಿಯಂನಲ್ಲಿ ಅವನ ಹೆಸರನ್ನು ಟೀಮಿನ ಗೌರವ ಪಟ್ಟಿಗೆ ಸೇರಿಸಿದರು. ನಾನೂ ಮಗನೂ ಹೋಗಿದ್ದೆವು. ಎದುರು ಟೀಮು ಪಿಟ್ಸ್‌ಬರ್ಗ್. ಅದರಲ್ಲಿ ಅವನ ತಮ್ಮ ಟಿ. ಜೆ. ವಾಟ್, 90ನೇ ನಂಬರ್. ಆಟ ಶುರುವಾದಾಗ ಮಗ ಬ್ಯಾಗಿನಿಂದ ನನ್ನ ನೋಟ್‌ಬುಕ್ ತೆಗೆದ. ಯಾವಾಗ ಇಟ್ಟುಕೊಂಡಿದ್ದನೋ! ಹೊಸ ಪುಟ ತಿರುಗಿಸಿ, ನಾಲ್ಕು ಕಾಲಮ್ ಗೆರೆ ಎಳೆದು, ಮೇಲೆ 90 ಅಂತ ಬರೆದ.

"ಅಪ್ಪ, ನೀನು ಕಾಲು ನೋಡು. ಕೈ ನಾನು ನೋಡ್ತೀನಿ."