ರಬ್ಬರ್ ಅಂಚಿನ ಫ್ಲ್ಯಾಶ್: ಕತ್ತರಿ ಬೇಡ, ಚಳಿ ಸಾಕು

ಒಂದು ಓ-ರಿಂಗ್, ಅಂದರೆ ಎಣ್ಣೆ, ನೀರು ಸೋರದಂತೆ ತಡೆಯುವ ರಬ್ಬರ್ ಉಂಗುರ, ತಗೊಂಡು ಅಂಚಿನ ಮೇಲೆ ಉಗುರು ಆಡಿಸಿ ನೋಡಿ. ಎಲ್ಲೂ ತಡೆಯಬಾರದು. ಆದರೆ ಮೋಲ್ಡ್‌ನಿಂದ (ಅಚ್ಚಿನಿಂದ) ಈಗಷ್ಟೇ ಬಿಚ್ಚಿದ ರಿಂಗ್ ಹಾಗಿರುವುದಿಲ್ಲ. ಮೋಲ್ಡ್‌ನ ಎರಡು ಭಾಗ ಕೂಡುವ ಸಂದಿಗೆ ಬಿಸಿ ರಬ್ಬರ್ ನುಗ್ಗಿ, ಅಂಚಿನ ಸುತ್ತ ತೆಳ್ಳನೆ ಪದರವಾಗಿ ಉಳಿದಿರುತ್ತದೆ. ಇದೇ ಫ್ಲ್ಯಾಶ್. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದ ಸಣ್ಣ ಘಟಕಗಳಲ್ಲಿ ಇದನ್ನು ಕತ್ತರಿ, ಬ್ಲೇಡ್ ಹಿಡಿದು ಒಂದೊಂದಾಗಿ ತೆಗೆಯುತ್ತಾರೆ. ಹತ್ತು ರಿಂಗ್ ಆದರೆ ಪರವಾಗಿಲ್ಲ. ಹತ್ತು ಸಾವಿರ ಆದರೆ ಬೆರಳೂ ಸೋಲುತ್ತದೆ, ಕಣ್ಣೂ ಸೋಲುತ್ತದೆ, ಬ್ಲೇಡ್ ಕೂದಲೆಳೆಯಷ್ಟು ಒಳಗೆ ಹೋದರೂ ಆ ರಿಂಗ್ ಹಾಕಿದ ಜಾಗದಲ್ಲಿ ಎಣ್ಣೆ ಸೋರುತ್ತದೆ.

ಚಳಿ ಇಲ್ಲಿ ಏನು ಮಾಡುತ್ತದೆ? ಪ್ರತಿ ರಬ್ಬರ್‌ಗೂ ಒಂದು ತಾಪಮಾನವಿದೆ, ಅದಕ್ಕಿಂತ ಕೆಳಗೆ ಹೋದರೆ ಅದು ಗಾಜಿನ ಹಾಗೆ ಪೆಡಸಾಗುತ್ತದೆ, ಪೆಟ್ಟು ಬಿದ್ದರೆ ಒಡೆಯುತ್ತದೆ. ನೈಸರ್ಗಿಕ ರಬ್ಬರ್‌ಗೆ ಅದು ಮೈನಸ್ 70 ಡಿಗ್ರಿ ಆಸುಪಾಸು, ಸಿಲಿಕೋನ್‌ಗೆ ಮೈನಸ್ 120ರ ಹತ್ತಿರ. ಫ್ಲ್ಯಾಶ್ ತೆಳ್ಳಗಿರುವುದರಿಂದ ಮೊದಲು ಅದೇ ಹೆಪ್ಪುಗಟ್ಟುತ್ತದೆ, ದಪ್ಪ ಮೈ ಇನ್ನೂ ಮೆತ್ತಗೇ ಇರುತ್ತದೆ. ಆ ಸಣ್ಣ ಅಂತರದಲ್ಲಿ ಪೆಟ್ಟು ಬೀಳಬೇಕು, ಇಡೀ ಕೆಲಸ ಇಷ್ಟೇ.

ಮೊದಲು ರಬ್ಬರ್ ಭಾಗಗಳನ್ನು ಬೇರೆ ಮಾಡಿಕೊಳ್ಳಿ. ಒಂದೇ ಕಾಂಪೌಂಡ್ (ರಬ್ಬರ್ ಮಿಶ್ರಣ), ಹತ್ತಿರದ ಅಳತೆ ಇರುವವು ಮಾತ್ರ ಒಟ್ಟಿಗೆ ಹೋಗಬೇಕು, ನೈಟ್ರೈಲ್ ರಬ್ಬರ್ ಜೊತೆ ಸಿಲಿಕೋನ್ ಹಾಕಿದರೆ ಎರಡರಲ್ಲಿ ಒಂದು ಕೆಟ್ಟಂತೆಯೇ. ಆಮೇಲೆ ಚಳಿಯಲ್ಲಿ ಫ್ಲ್ಯಾಶ್ ತೆಗೆಯುವ ಯಂತ್ರದ ತಿರುಗುವ ಬುಟ್ಟಿಗೆ ಸುರಿಯಿರಿ. ತೀರಾ ತುಂಬಬೇಡಿ, ಅವು ಉರುಳಾಡಬೇಕು ಅಲ್ವಾ? ಬಾಗಿಲು ಮುಚ್ಚಿ ದ್ರವ ನೈಟ್ರೋಜನ್ ಬಿಟ್ಟರೆ ಒಳಗೆಲ್ಲ ಚಳಿ ಏರುತ್ತದೆ. ದ್ರವದ ತಾಪಮಾನ ಮೈನಸ್ 196 ಡಿಗ್ರಿ, ಆದರೆ ಅಷ್ಟು ಚಳಿ ಬೇಕಿಲ್ಲ. ಆಯಾ ರಬ್ಬರ್‌ಗೆ ತಕ್ಕಂತೆ ಯಂತ್ರದಲ್ಲಿ ತಾಪಮಾನ ನಿಗದಿ ಮಾಡುತ್ತೀರಿ. ನಂತರ ವೇಗವಾಗಿ ತಿರುಗುವ ಚಕ್ರವೊಂದು ಪಾಲಿಕಾರ್ಬೊನೇಟ್‌ನ ಸಣ್ಣ ಹರಳುಗಳನ್ನು ಭಾಗಗಳ ಮೇಲೆ ಎರಚುತ್ತದೆ. ಫ್ಲ್ಯಾಶ್ ಒಡೆದು ಉದುರುತ್ತದೆ. ಸಾಮಾನ್ಯವಾಗಿ ಕೆಲವೇ ನಿಮಿಷ.

ಸಮಯ ಜಾಸ್ತಿ ಆಯ್ತೋ, ಮೈ ಕೂಡ ಹೆಪ್ಪುಗಟ್ಟಿ ಅಂಚು ಚಿಪ್ಪೆದ್ದು ಹೋಗುತ್ತದೆ. ಕಮ್ಮಿ ಆದರೆ ಫ್ಲ್ಯಾಶ್ ಬಗ್ಗುತ್ತದೆ, ಮುರಿಯುವುದಿಲ್ಲ. ಅದಕ್ಕೇ ಒಂದು ಹಿಡಿ ಭಾಗಗಳಲ್ಲಿ ಪ್ರಯೋಗ ಮಾಡಿ, ತಾಪಮಾನ, ಸಮಯ, ಚಕ್ರದ ವೇಗ ಮೂರನ್ನೂ ಪುಸ್ತಕದಲ್ಲಿ ಬರೆದಿಡಿ, ಮುಂದಿನ ತಿಂಗಳು ಅದೇ ರಿಂಗ್ ಬಂದಾಗ ಮತ್ತೆ ಮೊದಲಿಂದ ಹುಡುಕಬೇಕಾಗಿಲ್ಲ.

ಇಲ್ಲಿ ಒಂದು ಮಾತು ದಯವಿಟ್ಟು ಗಮನಿಸಿ. ಒಂದು ಲೀಟರ್ ದ್ರವ ನೈಟ್ರೋಜನ್ ಅನಿಲವಾದರೆ ಸುಮಾರು 700 ಲೀಟರ್ ಆಗುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮುಚ್ಚಿದ ಕೋಣೆಯಲ್ಲಿ ಸೋರಿದರೆ ಉಸಿರು ಕಟ್ಟಿದ್ದು ಗೊತ್ತಾಗುವ ಮೊದಲೇ ಮನುಷ್ಯ ಬಿದ್ದಿರುತ್ತಾನೆ. ಗಾಳಿಯಾಡುವ ಜಾಗ, ಆಕ್ಸಿಜನ್ ಅಳೆಯುವ ಅಲಾರಂ, ಮುಖಕ್ಕೆ ಶೀಲ್ಡ್, ಸಲೀಸಾಗಿ ಬಿಚ್ಚುವ ಸಡಿಲ ಕ್ರಯೋ (ಅತಿ ಚಳಿ ತಡೆಯುವ) ಕೈಗವಸು, ಇಷ್ಟು ಇಲ್ಲದೆ ಸುಮ್ನೆ ಕೂಡ ಕವಾಟ ತಿರುಗಿಸಬೇಡಿ. ದ್ರವವನ್ನು ಗಟ್ಟಿಯಾಗಿ ಮುಚ್ಚಿದ ಡಬ್ಬಿಯಲ್ಲಂತೂ ಇಡಲೇಬಾರದು, ಒತ್ತಡಕ್ಕೆ ಸಿಡಿಯುತ್ತದೆ.

ಹೊರತೆಗೆದ ಭಾಗಗಳ ಮೇಲೆ ನೀರ ಹನಿ ಕೂರುತ್ತದೆ. ಜರಡಿಯಲ್ಲಿ ಹರಳು, ಪುಡಿ ಎರಡನ್ನೂ ಬೇರ್ಪಡಿಸಿ, ಭಾಗಗಳು ಕೋಣೆಯ ತಾಪಮಾನಕ್ಕೆ ಬರುವವರೆಗೆ ಬಗ್ಗಿಸದೆ ಬಿಡಿ, ಚೆನ್ನಾಗಿ ಒಣಗಿಸಿ. ಆಮೇಲೆ ಮತ್ತೆ ಉಗುರು ಆಡಿಸಿ. ಫ್ಲ್ಯಾಶ್ ದಪ್ಪವಾಗಿ ಅಲ್ಲೇ ಉಳಿದಿದೆಯಾ? ಹಾಗಾದರೆ ಚಳಿ ಹೆಚ್ಚಿಸಿ ಪ್ರಯೋಜನವಿಲ್ಲ. ಮೋಲ್ಡ್ ಸವೆದಿರಬಹುದು, ಅದನ್ನು ರಿಪೇರಿ ಮಾಡುವ ಟೂಲ್ ರೂಮಿಗೆ ಕಳಿಸಿ.