ಕಮೋಡಿನ ಬಿಳಿ ಕಲ್ಲು: ಕೆರೆಯಬೇಡಿ, ಕರಗಿಸಿ

ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬಳಸುವ ಬೆಂಗಳೂರಿನ ಮನೆಗಳಲ್ಲಿ ಇದು ಮಾಮೂಲು. ಕಮೋಡಿನಲ್ಲಿ ನೀರು ನಿಲ್ಲುವ ಮಟ್ಟಕ್ಕೆ ಸರಿಯಾಗಿ ಮೊದಲು ಒಂದು ಮಸುಕು ಗೆರೆ ಮೂಡುತ್ತದೆ. ದಿನ ಕಳೆದಂತೆ ದಪ್ಪಗಾಗಿ, ಹಳದಿ ತಿರುಗಿ, ಬ್ರಷ್ಷಿಗೆ ಜಗ್ಗುವುದೇ ಇಲ್ಲ. ಕಾವೇರಿ ನೀರು ಬರುವ ಮನೆಗಳಲ್ಲಿ ಇಷ್ಟು ಬೇಗ ಕಟ್ಟುವುದಿಲ್ಲ.

ಇದು ಕೊಳೆ ಅಲ್ಲ. ಗಡಸು ನೀರಿನಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂತು ಗಟ್ಟಿಯಾದದ್ದು. ಹೆಚ್ಚಿನ ಪಾಲು ಕ್ಯಾಲ್ಸಿಯಂ ಕಾರ್ಬೋನೇಟ್, ಅಂದರೆ ಸುಣ್ಣದ ಕಲ್ಲೇ. ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ತುಕ್ಕಿನ ಬಣ್ಣವೂ ಸೇರುತ್ತದೆ. ಅದಕ್ಕೇ ಬ್ಲೀಚಿಂಗ್ ಪೌಡರ್ ಸುರಿದರೂ ಕಲ್ಲು ಹಾಗೇ ಇರುತ್ತದೆ. ಅಡುಗೆ ಸೋಡಾಕ್ಕೆ ವಿನೆಗರ್ ಬೆರೆಸಿ ನೊರೆ ಉಕ್ಕಿಸುವ ವಿಡಿಯೊಗಳಿವೆ ಅಲ್ವಾ? ನೋಡಲು ಚೆಂದ, ಅಷ್ಟೇ. ಕಲ್ಲು ಕರಗಿಸಬೇಕಾದ ಹುಳಿಯನ್ನು ಸೋಡಾ ಸುಮ್ನೆ ಮುಗಿಸಿಬಿಡುತ್ತದೆ.

ಶುರು ಮಾಡುವ ಮುಂಚೆ ಒಂದು ಮಾತು. ಆಸಿಡ್ ಇರುವ ಯಾವುದನ್ನೂ ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ದ್ರವದ ಜೊತೆ ಸೇರಿಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಮುಚ್ಚಿದ ಸಣ್ಣ ಬಾತ್‌ರೂಮಿನಲ್ಲಿ ಅದು ಶ್ವಾಸಕೋಶವನ್ನೇ ಸುಡುತ್ತದೆ. ವಿನೆಗರ್, ನಿಂಬೆ ಉಪ್ಪು ಕೂಡ ಆಸಿಡ್ಡೇ, ಮರೆಯಬೇಡಿ. ಬೆಳಿಗ್ಗೆ ಕೆಲಸದವರು ಬ್ಲೀಚಿಂಗ್ ಪೌಡರ್ ಹಾಕಿ ಹೋಗಿದ್ದಾರಾ ಎಂದು ಕೇಳಿಕೊಳ್ಳಿ. ಹಾಕಿದ್ದರೆ ಹಲವು ಸಲ ಫ್ಲಶ್ ಮಾಡಿ, ಈ ಕೆಲಸ ನಾಳೆಗೆ ಇಟ್ಟುಕೊಳ್ಳಿ. ಅಪ್ಪಿತಪ್ಪಿ ಎರಡೂ ಬೆರೆತು ಘಾಟು ಬಂದರೆ ಅಲ್ಲೇ ನಿಂತು ತೊಳೆಯಲು ಹೋಗಬೇಡಿ. ಹೊರಗೆ ಬನ್ನಿ. ಉಸಿರು ಕಟ್ಟಿದಂತಾದರೆ 108ಕ್ಕೆ ಫೋನ್ ಮಾಡಿ.

ರಬ್ಬರ್ ಗ್ಲೌಸ್ ಹಾಕಿ, ಕಣ್ಣಿಗೆ ಕನ್ನಡಕ ಇರಲಿ. ಕಿಟಕಿ ತೆರೆದು ಎಕ್ಸಾಸ್ಟ್ ಫ್ಯಾನ್ ಹಾಕಿ. ಮಕ್ಕಳು, ನಾಯಿ, ಬೆಕ್ಕು ಹತ್ತಿರ ಸುಳಿಯದಿರಲಿ.

ಮೊದಲು ಕಮೋಡಿನ ನೀರು ಇಳಿಸಬೇಕು. ಹೆಚ್ಚಿನವರು ಬಿಡುವ ಹಂತ ಇದೇ. ನೀರು ತುಂಬಿದ್ದರೆ ಹಾಕಿದ ಹುಳಿ ತೆಳುವಾಗಿ ಕೆಲಸವೇ ಆಗುವುದಿಲ್ಲ. ಟಾಯ್ಲೆಟ್ ಬ್ರಷ್ಷಿನಿಂದ ನೀರನ್ನು ಒಳಕ್ಕೆ ರಭಸವಾಗಿ ತಳ್ಳಿದರೆ ಮಟ್ಟ ಇಳಿಯುತ್ತದೆ. ಉಳಿದದ್ದನ್ನು ಹಳೆಯ ಮಗ್ಗಿನಲ್ಲಿ ತೆಗೆದು ಬಕೆಟ್ಟಿಗೆ ಹಾಕಿ.

ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ದಿನಸಿ ಅಂಗಡಿಯಲ್ಲೇ ಸಿಗುತ್ತದೆ. ಸುಮಾರು 100 ಗ್ರಾಂ ಅನ್ನು ಒಂದು ಲೀಟರ್ ಬೆಚ್ಚನೆ ನೀರಿನಲ್ಲಿ ಕರಗಿಸಿ ಸುರಿಯಿರಿ. ಕುದಿಯುವ ನೀರು ಬೇಡ, ಪಿಂಗಾಣಿ ಬಿರುಕು ಬಿಡಬಹುದು. ಮೇಲಿನ ಗೆರೆಗೆ ಟಿಶ್ಯೂ ಪೇಪರನ್ನು ಇದರಲ್ಲೇ ನೆನೆಸಿ ಅಂಟಿಸಿ. ಅಂಚಿನ ಕೆಳಗಿನ ತೂತುಗಳಿಗೂ ಹೀಗೇ ಮಾಡಿ. ಅವು ಕಟ್ಟಿಕೊಂಡರೆ ಫ್ಲಶ್ಶಿನ ರಭಸವೇ ಕಡಿಮೆಯಾಗುತ್ತದೆ. ಸಣ್ಣ ಗುಳ್ಳೆ ಎದ್ದರೆ ಕಲ್ಲು ಕರಗುತ್ತಿದೆ ಎಂದರ್ಥ. ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಪೇಪರನ್ನು ಎತ್ತಿ ಕಸಕ್ಕೆ ಹಾಕಿ, ಬ್ರಷ್ಷಿನಿಂದ ಉಜ್ಜಿ ಫ್ಲಶ್ ಮಾಡಿ. ವರ್ಷಗಟ್ಟಲೆ ಕಟ್ಟಿದ್ದರೆ ಒಂದೇ ಸಲಕ್ಕೆ ಹೋಗುವುದಿಲ್ಲ, ಮತ್ತೆ ಮಾಡಿ. ವಿನೆಗರ್ ಕೂಡ ಆಗುತ್ತದೆ, ಆದರೆ ನಿಧಾನ, ಖರ್ಚೂ ಜಾಸ್ತಿ.

ಇದಕ್ಕೂ ಬಗ್ಗದಿದ್ದರೆ ಹೈಡ್ರೋಕ್ಲೋರಿಕ್ ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಬಳಸಿ. ಅದನ್ನು ಬೇರೆ ದಿನ ಹಾಕಿ, ಲೇಬಲ್ಲಿನಲ್ಲಿ ಬರೆದಷ್ಟೇ ಹೊತ್ತು ಬಿಡಿ. ಲೂಸ್ ಆಸಿಡ್ ಮಾತ್ರ ಬೇಡವೇ ಬೇಡ. ಅದರ ಮಾರಾಟಕ್ಕೆ ಸುಪ್ರೀಂ ಕೋರ್ಟ್ 2013ರಲ್ಲೇ ಕಡಿವಾಣ ಹಾಕಿದೆ. ಟೈಲ್ಸ್ ನಡುವಿನ ಸಿಮೆಂಟನ್ನೂ ನಲ್ಲಿಯ ಹೊಳಪನ್ನೂ ಅದು ತಿಂದುಹಾಕುತ್ತದೆ. ಯಾವ ಆಸಿಡ್ಡೇ ಆಗಲಿ, ಮೈಗೆ ಸಿಡಿದರೆ ತಕ್ಷಣ ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಿರಿ. ಕಣ್ಣಿಗೆ ಬಿದ್ದರೆ ಹೀಗೇ ತೊಳೆದು ನೇರ ಆಸ್ಪತ್ರೆಗೆ ಹೋಗಿ.

ಸ್ಟೀಲ್ ನಾರು, ಬ್ಲೇಡು, ಚಾಕು ಹಿಡಿದು ಕೆರೆಯಬೇಡಿ. ಮೇಲಿನ ನುಣುಪು ಲೇಪ ಒಮ್ಮೆ ಗೀರಿದರೆ ಕಲ್ಲು ಅಲ್ಲೇ ಇನ್ನೂ ಬೇಗ ಹಿಡಿಯುತ್ತದೆ.

ಕಮೋಡಿನ ಹಿಂಭಾಗದಲ್ಲಿ ಮೇಲಿಂದ ಕೆಳಕ್ಕೆ ಒಂದೇ ಪಟ್ಟೆ ಮೂಡುತ್ತಿದ್ದರೆ ಫ್ಲಶ್ ಟ್ಯಾಂಕ್ ಸೋರುತ್ತಿದೆಯಾ ನೋಡಿ. ಒಣ ಟಿಶ್ಯೂವನ್ನು ಅಲ್ಲಿ ಒತ್ತಿಟ್ಟರೆ ಒದ್ದೆಯಾಗುತ್ತದೆ. ಪ್ಲಂಬರ್ ಕರೆಸಿ ಟ್ಯಾಂಕಿನ ವಾಷರ್ ಬದಲಾಯಿಸುವ ತನಕ ಎಷ್ಟು ಕರಗಿಸಿದರೂ ಆ ಪಟ್ಟೆ ಮತ್ತೆ ಬರುತ್ತಲೇ ಇರುತ್ತದೆ.